ಅಸೂಟಿಯ ಹದಿನಾಲ್ಕು ಕಾರ್ಡು

ರೋಣದ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಎಂ.ಎ. ಮಕ್ಕಳಿಗೆ ನಾನು ಕಲಿಸುವುದು ಒಂದೇ ಪಾಠ: ಒಂದು ಆಕರಕ್ಕೆ ಒಂದು ಕಾರ್ಡು. ಯಾರು ಹೇಳಿದರು, ಯಾವ ಊರು, ಯಾವ ದಿನ. ಇಷ್ಟು ಬರೆಯಲು ಇವರಿಗೆ ಜೀವ ಹೋಗುತ್ತದೆ. ಇಂದಿರಾಬಾಯಿಯ ಬಾಯಿ ಜೋರು ಎಂದು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಅವರಲ್ಲೊಬ್ಬಳು ಮಯೂರಿ, ಅವಳ ಕಿರುಪ್ರಬಂಧ ಬಿತ್ತನೆ ಬೀಜ ಕಾಪಿಡುವ ಬಗ್ಗೆ. ಸೋಮವಾರ ಸಲ್ಲಿಸಬೇಕು, ತಪ್ಪಿದರೆ ಒಂದು ವರ್ಷ ಹಾಳು. ಶುಕ್ರವಾರ ನೋಡಿದರೆ ಅಸೂಟಿ ಎಂಬ ಹಳ್ಳಿಯಲ್ಲಿ ಅವಳು ಬರೆದುಕೊಂಡ ಹದಿನಾಲ್ಕೂ ಕಾರ್ಡಿನ ಮೇಲೆ ಪ್ರಭುಲಿಂಗಪ್ಪ ಎಂಬ ಹೆಸರು. ಇದೆಲ್ಲ ಇವರೇ ಹೇಳಿದರೇನು ಎಂದೆ. ಇಲ್ಲ, ಹೇಳಿದ್ದು ಅವರ ಹೆಂಡತಿ ನೀಲವ್ವ, ಗಂಡ ಕಟ್ಟೆಯ ಮೇಲೆ ಕೂತಿದ್ದರು, ಮನೆ ಯಜಮಾನರ ಹೆಸರು ಹಾಕುವುದು ಪದ್ಧತಿಯಲ್ಲವೇ ಎಂದಳು. ಪದ್ಧತಿಯಂತೆ, ಪದ್ಧತಿ! ನನ್ನ ಮೈ ಉರಿಯಿತು. ಸುಳ್ಳು ಆಕರಪಟ್ಟಿಗೆ ಸಹಿ ಹಾಕುವುದಿಲ್ಲ ಎಂದು ಹೇಳಿ, ಮರುದಿನ ಅವಳನ್ನು ಅಸೂಟಿಗೆ ಎಳೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ನನ್ನ ಕಡೆ ಮುಖ ಕೂಡ ತಿರುಗಿಸಲಿಲ್ಲ.

ಹೆಸರು ಬದಲಿಸಿದ್ದೇವೆ, ಹೊಸ ಕಾರ್ಡಿಗೆ ನೀಲವ್ವನವರ ಒಪ್ಪಿಗೆಯ ಹೆಬ್ಬೆಟ್ಟು ಬೇಕು ಎಂದು ನಾನು ಹೇಳಿದೊಡನೆ, ಮನೆಯ ಕಟ್ಟೆಯ ಮೇಲಿದ್ದ ಪ್ರಭುಲಿಂಗಪ್ಪ ಕೆಂಡವಾದರು. ಹೊಲ ತಮ್ಮದು, ಬೀಜ ತಮ್ಮದು, ಹೆಸರು ಮಾತ್ರ ಅಡುಗೆಮನೆಯವಳದೇ ಎಂದರು. ತಮ್ಮ ಹೆಸರು ತೆಗೆದರೆ ಈ ಮನೆಯ ಒಂದಕ್ಷರವನ್ನೂ ಬರೆಯಕೂಡದು ಎಂದರು. ನಾನೂ ಬಿಡಲಿಲ್ಲ.

“ಹಂಗಾರ ಹೇಳ್ರಿ, ಬೀಜದ ಜ್ವಾಳಕ್ಕ ಹುಳ ಹತ್ತದಂಗ ಯಾವ ಬೂದಿ ಕಲಸತೀರಿ?”

“ಯಾವ ಬೂದಿ ಅಂದ್ರ? ಕಟಗಿ ಬೂದಿ.”

ಮಯೂರಿ ತಲೆ ತಗ್ಗಿಸಿ ತನ್ನ ಕಾರ್ಡು ಓದಿದಳು. ಕುಳ್ಳಿನ, ಅಂದರೆ ಬೆರಣಿಯ ಬೂದಿ ಮಾತ್ರ, ಅದೂ ಮೂರು ಸಲ ಸೋಸಿದ್ದು. ಒಳಗೊಳಗೇ ನನಗೆ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ನೀಲವ್ವ ಹೊರಗೆ ಬಂದರು. ಬಂದವರು ಗಂಡನನ್ನು ಬಿಟ್ಟು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

“ಇವರು ತಮ್ಮ ಹೆಸರ ಅಂತಾರ, ನೀವು ನನ್ನ ಹೆಸರ ಅಂತೀರಿ. ಇದನ್ನ ನಿನಗ ಯಾರ ಕಲಿಸಿದ್ರು ಅಂತ ಒಬ್ರರ ಕೇಳಿದ್ರೇನ್ರಿ? ಇವರ ಹಡದವ್ವ ಕಲಿಸ್ಯಾಳ. ಮ್ಯಾಲ ಆಕಿ ಹೆಸರ, ಕೆಳಗ ನಂದು. ಹಂಗ ಬರದ್ರ ಹೆಬ್ಬೆಟ್ಟ ಒತ್ತತೀನಿ. ಇಲ್ಲಾಂದ್ರ ಎದ್ದ ನಡೀರಿ.”

ಮುಖಕ್ಕೆ ಹೊಡೆದಂತಾಯಿತು. ಮೂವತ್ತು ವರ್ಷ ಕಾರ್ಡು ಬರೆಯುವುದನ್ನು ಕಲಿಸಿದವಳು ನಾನು. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಆ ಅತ್ತೆಯವರ ಹೆಸರೇನು ಎಂದು ಮಯೂರಿ ಮೆಲ್ಲಗೆ ಕೇಳಿದಳು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವುದಿಲ್ಲ. ನೀಲವ್ವ ಗಂಡನ ಮುಖ ನೋಡಿದರು. ಅಷ್ಟು ಹೊತ್ತು ಕೂಗಾಡಿದ ಮನುಷ್ಯ ಮಯೂರಿಯ ಕಾರ್ಡಿನ ಕಡೆ ಬಗ್ಗಿದರು. ದನಿ ತಗ್ಗಿಸಿ, “ದ್ಯಾಮವ್ವ,” ಎಂದರು.

“ಇನ್ನೊಮ್ಮೆ ಹೇಳ್ರಿ,” ಎಂದೆ. ಮೊದಲ ಸಲವೇ ನನಗೆ ಚೆನ್ನಾಗಿ ಕೇಳಿಸಿತ್ತು.