ಎಲ್ಡರ್ ಬೀದಿಯ ಇಟ್ಟಿಗೆಗಳು

ನಾರ್ತ್ ಕೆರೊಲಿನಾದ ಆ ಊರಿನಲ್ಲಿ ಎಲ್ಡರ್ ಬೀದಿಯೆಂದರೆ ಕಪ್ಪು ಜನ ತಾವೇ ಕಟ್ಟಿಕೊಂಡ ಬೀದಿ. ೧೯೬೧ರ ಒಂದು ಬೆಳಿಗ್ಗೆ ಗಾರೆ ಮೇಸ್ತ್ರಿ ಥಡಿಯಸ್ ಪೆಟಿಫರ್ಡ್ ಜಗಲಿಯಲ್ಲಿ ಕೂತು ಹೆಂಡತಿ ಲೂವಿನಿಯಾಗೆ ಬೀನ್ಸ್ ಬಿಡಿಸಿಕೊಡುತ್ತಿದ್ದಾಗ ನಗರಸಭೆಯ ಸರ್ವೆಗೆಂದು ಕ್ಲಿಫ್ಟನ್ ಬಂದ. ಆ ಕಚೇರಿ ಸೇರಿದ ಮೊದಲ ಕಪ್ಪು ಯುವಕ ಅವನು. ಕೇರಿಗೆಲ್ಲ ಅವನ ಮೇಲೆ ಅಭಿಮಾನ.

ಅವನ ಕೈಯ ಹಾಳೆಯಲ್ಲಿ 'ಶಿಥಿಲ, ಕೆಡವಬೇಕು' ಎಂದು ಆಗಲೇ ಟೈಪಾಗಿತ್ತು.

"ಒಳಗೆ ಕಾಲಿಡೋಕೆ ಮುಂಚೆನೇ ಬರ್ಕೊಂಡು ಬಂದ್ಯೇನಪ್ಪ?" ಎಂದ ಥಡಿಯಸ್.

"ಇಡೀ ಬೀದಿಗೆ ಹಾಗೇ ಬರೆದಿದ್ದಾರೆ, ಮೇಸ್ತ್ರಿಗಳೇ. ಹೆದ್ದಾರಿ ಬರುತ್ತೆ. ಆದ್ರೂ ಹಿಂದಿನ ಗಲ್ಲಿ ನೋಡಿ, ನಲ್ಲಿ ನೀರಿಲ್ಲ. ಮಕ್ಕಳು ಚಳೀಲಿ ಹೊರಗಡೆ ಕಕ್ಕಸಿಗೆ ಓಡ್ತಾವೆ. ನಾನೂ ಹಾಗೇ ಬೆಳೆದೋನು. ನಮ್ಮವರಿಗೆ ಒಳ್ಳೆ ಮನೆ ಸಿಗಬಾರದಾ?"

"ನಲ್ಲಿ ಕೇಳಿ ಕೇಳಿ ಬಾಯಿ ಒಣಗ್ತು," ಬಾಗಿಲಲ್ಲಿ ನಿಂತ ಲೂವಿನಿಯಾ ಅಂದಳು. "ಆಗ ಅವರ ಕಣ್ಣಿಗೆ ನಾವು ಕಾಣ್ಲಿಲ್ಲ. ರಸ್ತೆ ಬೇಕಾದಾಗ ಕಂಡ್ವಾ?"

ಥಡಿಯಸ್ ಒಳಗಿಂದ ತೂಗುಗುಂಡಿನ ದಾರ ತಂದು ಗೋಡೆಯ ಮೂಲೆಗೆ ಇಳಿಬಿಟ್ಟ. ಮೂವತ್ತು ವರ್ಷದ ಗೋಡೆ ಕೂದಲೆಳೆಯಷ್ಟೂ ವಾಲಿರಲಿಲ್ಲ.

"ನಿನ್ನ ಕಚೇರಿ ಗೋಡೆ ಕಟ್ಟಿದ್ದೂ ಇದೇ ಕೈ. ಅದು ಗಟ್ಟಿ, ಇದು ಶಿಥಿಲಾನಾ?"

ಕ್ಲಿಫ್ಟನ್ ಹಾಳೆ ಮಡಚಿಕೊಂಡು ಪಕ್ಕದ ಮನೆಗೆ ನಡೆದ. ಮುಂದಿನ ವಾರ ನಗರಸಭೆಯ ತುಂಬಿದ ಸಭೆಯಲ್ಲಿ ಎದ್ದು ನಿಂತ. "ಒಂದು ಮನೇನೂ ನೋಡದೆ ಈ ಹಾಳೆಗಳನ್ನ ತುಂಬಿದ್ದಾರೆ. ಈಗ ನಾನು ನೋಡಿ ಬಂದಿದ್ದೀನಿ. ಎಲ್ಡರ್ ಬೀದಿ ಕೊಳೆಗೇರಿಯಲ್ಲ." ಮರುದಿನ ಅವನ ಕೆಲಸ ಹೋಯಿತು. ಹೆದ್ದಾರಿ ಮಾತ್ರ ನಿಲ್ಲಲಿಲ್ಲ. ಬೀದಿಯ ಜೊತೆ ಅಲ್ಲಿನ ಚರ್ಚೂ ಹೋಗಬೇಕೆಂದು ಆದೇಶ ಬಂತು.

"ಇಟ್ಟಿಗೆಗಳನ್ನ ಯಂತ್ರದ ಬಾಯಿಗೆ ಯಾಕೆ ಹಾಕ್ಬೇಕು?" ಎಂದ ಥಡಿಯಸ್. "ಕಟ್ಟಿದ ನಾವೇ ಬಿಚ್ಚೋಣ." ತನ್ನ ಮನೆಯ ಮೊದಲ ಇಟ್ಟಿಗೆಯನ್ನು ಅವನೇ ಎಬ್ಬಿಸಿದ. ಬೀದಿಗೆ ಬೀದಿಯೇ ಸುತ್ತಿಗೆ ಹಿಡಿದು ಬಂತು. ಹಳ್ಳದಾಚೆಗಿನ ಜಾಗದಲ್ಲಿ ಹೊಸ ಚರ್ಚು ಎದ್ದಿತು, ಗೋಡೆಯಲ್ಲಿ ಒಂದೊಂದು ಮನೆಯ ಇಟ್ಟಿಗೆಯದು ಒಂದೊಂದು ಸಾಲು, ಒಂದೊಂದು ವರಸೆ.

ಗೋಡೆ ತೊಳೆಯುವ ದಿನ ಕ್ಲಿಫ್ಟನ್ನೂ ಬ್ರಷ್ ಹಿಡಿದು ಬಂದಿದ್ದ. ಒಂದು ವರಸೆಯಲ್ಲಿ ಮಸಿ ಕಂಡು, "ಇದನ್ನ ಉಜ್ಜಿ ತೆಗೀಲಾ, ಅಮ್ಮ?" ಎಂದ.

ಲೂವಿನಿಯಾ ಆ ಇಟ್ಟಿಗೆಗೆ ಅಂಗೈ ಒತ್ತಿದಳು.

"ಮುಟ್ಟಿ ನೋಡು, ಗೊತ್ತಾಗುತ್ತೆ! ಅದು ನನ್ನ ಅಡುಗೆಮನೆ."