ಸೃಷ್ಟಿಗೆ ಸೇರದ್ದು

ನೆಲೋಗಿಯಿಂದ ಜೇವರ್ಗಿಗೆ ದಿನಾ ಬಸ್ಸಿನಲ್ಲಿ ಬಂದುಹೋಗುವ ಕನ್ನಡ ಶಿಕ್ಷಕಿ ನೀತಾಳಿಗೆ ಸ್ಪ್ಯಾನಿಷ್ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಬಾಲಮಂದಿರದ ಮೇಲ್ವಿಚಾರಕಿ ಗೌಸಿಯಾಬೇಗಂ ಅವಳನ್ನೇ ಹಿಡಿದುಕೊಂಡರು. ಕೂಸಾಗಿದ್ದಾಗಿನಿಂದ ಅಲ್ಲೇ ಬೆಳೆದ ಒಂಬತ್ತು ವರ್ಷದ ಸೃಷ್ಟಿಯನ್ನು ಸ್ಪೇನ್ ದೇಶದ ದಂಪತಿ ದತ್ತು ತೆಗೆದುಕೊಳ್ಳುವವರಿದ್ದರು.

“ಆ ಮಂದಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತ್ರಿ ಮೇಡಂ. ಎರಡು ತಿಂಗಳದಾಗ ಹುಡುಗಿಗೆ ನಾಕು ಮಾತರೆ ಕಲಸ್ರಿ.”

ನೀತಾ ಬಸ್ಸಿನಲ್ಲಿ ಮೊಬೈಲ್ ಪಾಠ ನೋಡುವುದು, ಸಂಜೆ ಅದನ್ನೇ ಹುಡುಗಿಗೆ ಹೇಳಿಕೊಡುವುದು ಶುರುವಾಯಿತು. ಇಷ್ಟಾನಿಷ್ಟದ ಪಾಠಕ್ಕೆ ಬಂದಾಗ ಕಲಿಕೆಯ ಗಾಡಿ ನಿಂತಿತು. ‘ನಾನು’ ಎನ್ನಲು ‘ಯೋ’ ಎಂದು ಕಲಿತಿದ್ದಳು. ಇಲ್ಲಿ ‘ಯೋ’ ಇಲ್ಲವೇ ಇಲ್ಲ. ಇಷ್ಟವಾದದ್ದು ಒಂದಿದ್ದರೆ ‘ಮೆ ಗುಸ್ತಾ’, ಹಲವಿದ್ದರೆ ‘ಮೆ ಗುಸ್ತಾನ್’. ಯಾಕೆಂದು ತಿಳಿಯದೆ, ಇದ್ದದ್ದನ್ನು ಇದ್ದಂತೆ ಸೃಷ್ಟಿಗೆ ಹೇಳಿದಳು.

ಸೃಷ್ಟಿ ಕ್ಷಣ ಯೋಚಿಸಿದಳು. “ನಮ್ಮ ಮಾತಿನಂಗೇ ಅದರಿ ಟೀಚರ್. ನನಗ ಹಾಲು ಸೇರ್ತದ. ನನಗ ಬಾರಿಹಣ್ಣು ಸೇರ್ತಾವ.”

ಹನ್ನೆರಡು ವರ್ಷ ಕನ್ನಡ ಕಲಿಸಿದವಳಿಗೆ ಹೊಳೆಯದ್ದು ಈ ಮಗುವಿಗೆ ಹೊಳೆದಿತ್ತು. ನೀತಾಳಿಗೆ ಖುಷಿಯೋ ಖುಷಿ. “ಮೊದಲಿಗೆ ಒಂದು ‘ನೋ’ ಹಚ್ಚಿದ್ರ ಸೇರಂಗಿಲ್ಲ ಅಂತ. ಈಗ ಹೇಳು, ನಿನಗ ಏನು ಸೇರಂಗಿಲ್ಲ?”

“ಎಲ್ಲಾ ಸೇರ್ತದ್ರಿ.”

“ಹಾಗಲಕಾಯಿ?”

“ಮೆ ಗುಸ್ತಾ.”

“ಇಂಜೆಕ್ಷನ್?”

“ಮೆ ಗುಸ್ತಾ.” ಆಮೇಲೆ ತಲೆ ತಗ್ಗಿಸಿ ಅಂದಳು, “ಸೇರಂಗಿಲ್ಲ ಅಂದ್ರ ಹಠಮಾರಿ ಅಂತಾರ್ರಿ. ಅವರು ನನ್ನ ಬಿಟ್ಟು ಹೋದ್ರ?”

ನೀತಾ ಅವಳ ಗಲ್ಲ ಹಿಡಿದು ಮೇಲೆತ್ತಿದಳು. “ನನಗ ಸಬ್ಬಸಗಿ ಪಲ್ಯ ಸೇರಂಗಿಲ್ಲ. ನಮ್ಮವ್ವಗ ದಿನಾ ಹೇಳ್ತೇನಿ. ನಮ್ಮವ್ವ ನನ್ನ ಬಿಟ್ಟಾಳೇನು?”

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಗೌಸಿಯಾಬೇಗಂ ಕೇಳಿಸಿಕೊಂಡಿದ್ದರು. ಮರುದಿನದಿಂದ ಊಟದ ಸಾಲಿನಲ್ಲಿ ಪ್ರತಿ ಮಗುವಿಗೂ, “ಏನು ಸೇರಂಗಿಲ್ಲ, ಹೇಳ ಬೇ,” ಎಂದು ಕೇಳತೊಡಗಿದರು. ಬೇರೆ ಮಕ್ಕಳು ಹೇಳಿದರು. ಸೃಷ್ಟಿ ಮಾತ್ರ ಹಾಕಿದ್ದನ್ನೆಲ್ಲ ಸುಮ್ಮನೆ ಉಂಡಳು.

ದಂಪತಿ ಬಂದರು. ಹೊಸ ತಾಯಿ ಮಾರ್ತಾ ಸೃಷ್ಟಿಯ ಪಕ್ಕ ಚಾಪೆಯ ಮೇಲೆ ಕೂತು, ತಮ್ಮ ಕಡೆಯ ಕರಿ ಮಿಠಾಯಿಯೊಂದನ್ನು ಕೊಟ್ಟಳು. ಬಾಯಿಗೆ ಹಾಕಿಕೊಂಡದ್ದೇ ಹುಡುಗಿಯ ಮುಖ ಕಿವುಚಿತು, ಕಣ್ಣಲ್ಲಿ ನೀರಾಡಿತು. ನೀತಾಳ ಕಡೆ ನೋಡಿದಳು. ನೀತಾ ‘ಹೇಳು’ ಎನ್ನುವಂತೆ ತಲೆಯಾಡಿಸಿದಳು.

“ನೋ ಮೆ ಗುಸ್ತಾ,” ಅಂದಳು ಸೃಷ್ಟಿ, ಕೇಳಿಸಿಯೂ ಕೇಳಿಸದ ಹಾಗೆ.

ಹುಡುಗಿ ಉಗುಳಲೆಂದು ಮಾರ್ತಾ ತನ್ನ ಅಂಗೈಯನ್ನೇ ಚಾಚಿದಳು. ಗಂಡನತ್ತ ಬೊಟ್ಟು ಮಾಡಿ, ಅದು ಅವನಿಗೆ ಸೇರುವ ಮಿಠಾಯಿ ಎಂದು ತೋರಿಸಿ ನಕ್ಕಳು. “ಅ ಮಿ ತಂಪೋಕೊ.”

ಆ ಮಾತು ಪಾಠದಲ್ಲಿತ್ತು. “ಅವರಿಗೂ ಸೇರಂಗಿಲ್ಲಂತ್ರಿ ಟೀಚರ್,” ಎಂದ ಸೃಷ್ಟಿ, ಅಂದು ಮೊದಲ ಬಾರಿ ಆ ತಾಯಿಯ ಭುಜಕ್ಕೆ ಒರಗಿದಳು.

ಸ್ಪೇನಿಗೆ ಹೋಗಿ ಮೂರು ವಾರಕ್ಕೆ ಗೌಸಿಯಾಬೇಗಂ ಮೊಬೈಲಿಗೆ ಸೃಷ್ಟಿಯ ಧ್ವನಿಸಂದೇಶ ಬಂತು. ತಣ್ಣನೆ ಸಾರು ಸೇರಂಗಿಲ್ಲ, ಆಲಿವ್ ಕಾಯಿ ಸೇರಂಗಿಲ್ಲ, ಮನೆಯೊಳಗೆ ಬೂಟು ಹಾಕೋದು ಸೇರಂಗಿಲ್ಲ. ದೂರು ಮುಗಿಯುವಂತಿರಲಿಲ್ಲ. ಹಿಂದೆ ಮಾರ್ತಾ ನಗುವುದು ಕೇಳುತ್ತಿತ್ತು.

“ಅಲ್ಲಾನ ಶುಕರ್,” ಎಂದು ಗೌಸಿಯಾಬೇಗಂ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇನ್ನೊಮ್ಮೆ ಹಚ್ಚರಿ,” ಅಂದಳು ನೀತಾ. ಅಷ್ಟೊಂದು ದೂರುಗಳನ್ನು ಕೇಳಿ ಅವಳ ಎದೆ ತುಂಬಿ ಬಂದಿತ್ತು.