ಚಾಚಿದ ಕಾಲು

ಮೂರನೆಯ ಕೊಡ ಬಿಸಿನೀರು ಹುಯ್ದರೂ ಮುರುಗೇಶಪ್ಪನ ಬಲಗಾಲು ಬಗ್ಗಲಿಲ್ಲ. ಎಡಗಾಲು ಹೇಳಿದ ಮಾತು ಕೇಳಿ ಮಡಚಿಕೊಂಡಿತ್ತು. ಬಲಗಾಲು ಮಾತ್ರ, ಪಡಸಾಲೆಯ ಗೋಡೆಗೆ ಒರಗಿಸಿದ್ದ ಹೆಣದಿಂದ ಬಾಗಿಲ ಕಡೆಗೆ ನೆಟ್ಟಗೆ ಚಾಚಿಕೊಂಡೇ ಇತ್ತು. ಅಣ್ಣ ಬಸವರಾಜಪ್ಪ ಪಂಚೆ ಎತ್ತಿ ಕಟ್ಟಿ, ಮೊಣಕಾಲಿನ ಕೆಳಗೆ ಕೈ ತೂರಿಸಿ ಮೇಲಕ್ಕೆ ಎತ್ತುತ್ತಿದ್ದ. ಇನ್ನೊಬ್ಬ ಹಿಮ್ಮಡಿ ಹಿಡಿದು ಒಳಕ್ಕೆ ನೂಕುತ್ತಿದ್ದ. ಇಬ್ಬರೂ ಬೆವೆತಿದ್ದರು.

"ಏನ್ರೀ ಇದು, ಹಾರೆ ಇದ್ದಂಗೈತೆ!"

"ಒಳಗೆ ಕಬ್ಬಿಣದ ಸರಳೈತೆ. ಮಿಲ್ಟ್ರಿ ಆಸ್ಪತ್ರೇಲಿ ಹಾಕಿದ್ದು," ಎಂದ ಬಸವರಾಜಪ್ಪ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದ. "ಯಾರಾದ್ರೂ ಒನಕೆ ತರ್ರಿ. ಒಂದೇ ಏಟು. ಅವನಿಗೇನು ಈಗ ನೋವಾಗ್ತೈತಾ?"

ಯಾರೋ ಕಿಸಕ್ಕನೆ ನಕ್ಕರು. ಬಿಳಿಚೋಡು ಎಂಬ ಊರಿನ ಆ ಪಡಸಾಲೆಯಲ್ಲಿ ಕಿಕ್ಕಿರಿದು ನಿಂತಿದ್ದವರ ಕೈಯಲ್ಲಿ ಟೀ ಲೋಟಗಳಿದ್ದವು. ಖಾಲಿಯಾದ ಲೋಟಗಳನ್ನು ಕೆಲವರು ಹೆಣದ ಪಕ್ಕದಲ್ಲೇ ಇಟ್ಟಿದ್ದರು. ಒಬ್ಬನಂತೂ ತನ್ನದನ್ನು ಆ ಚಾಚಿದ ಕಾಲಿನ ಹೆಬ್ಬೆರಳಿಗೆ ಒರಗಿಸಿಟ್ಟಿದ್ದ. ನೋಡಿದರೆ ಹೇಸಿಗೆಯಾಗಬೇಕು, ಆದರೆ ಅಲ್ಲಿ ಯಾರಿಗೂ ಆಗಲಿಲ್ಲ.

ಒನಕೆ ಬಂತು. ಅದರ ಹಿಂದೆಯೇ ಮುರುಗೇಶಪ್ಪನ ಹೆಂಡತಿ ಪ್ರಮೀಳಾ ಬಂದಳು.

"ಇದ್ಯಾಕೆ ಭಾವ?"

"ಕೂಡ್ರಿಸ್ಬೇಕಲ್ಲ ತಂಗಿ. ಮಡಚದಿದ್ರೆ ಹೆಂಗೆ ಕೂಡ್ರಿಸಾದು?"

ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಪೂಜೆಗೆ ಕೂತ ಹಾಗೆಯೇ ಮಣ್ಣಿಗೆ ಕೊಡುತ್ತಾರೆ. ಪ್ರಮೀಳಾಗೆ ಅದು ಗೊತ್ತಿಲ್ಲವೆಂದಲ್ಲ. ಅಪ್ಪನನ್ನೂ ಮಾವನನ್ನೂ ಹಾಗೆಯೇ ಕಳಿಸಿಕೊಟ್ಟವಳು ಅವಳು. ಆದರೆ ಒನಕೆ ಹಿಡಿದ ಕೈ ನೋಡಿದ ಮೇಲೆ ಅವಳ ಅಳು ನಿಂತೇಹೋಯಿತು.

"ಮುರಿಯಾಕೆ ನಾನು ಬಿಡಲ್ಲ," ಎಂದಳು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಚನ್ನವೀರಯ್ಯನವರು ಕಣ್ಣು ಬಿಟ್ಟರು. ಊರಿನ ಹುಟ್ಟು, ಮದುವೆ, ಸಾವುಗಳೆಲ್ಲ ಅವರ ಕೈ ಮೇಲೆಯೇ ನಡೆಯಬೇಕು.

"ಅಮ್ಮಾ, ಪದ್ಧತಿ ಅಂತ ಒಂದೈತೆ. ಕಾಲು ಚಾಚಿಸಿ ಕಳ್ಸಿದ್ರೆ ಅದು ಸಂಸ್ಕಾರ ಆಗಲ್ಲ."

"ಆಗ್ಲೇ ಒಂದ್ಸಲ ಮುರಿದ ಕಾಲದು ಅಯ್ಯನೋರೆ. ಎರಡನೇ ಸಲ ಬ್ಯಾಡ."

ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು.

*

ಕಾರಿನಿಂದ ಇಳಿದವನು ವಿನಯ್ ಕುಮಾರ್. ಬರುವ ಚುನಾವಣೆಗೆ ನಿಲ್ಲಬೇಕೆಂದು ಎರಡು ವರ್ಷದಿಂದ ಯಾರ ಸಾವನ್ನೂ ಬಿಡದೆ ತಿರುಗುತ್ತಿದ್ದವನು. ಅವನ ಹುಡುಗರು ಕಾರಿನ ಮೇಲಿಂದ ಫ್ಲೆಕ್ಸ್ ಬಿಚ್ಚಿ ಮನೆಯ ಮುಂದಿನ ಬೇವಿನ ಮರಕ್ಕೆ ಕಟ್ಟಿದರು.

'ನಮ್ಮೂರ ಹೆಮ್ಮೆ, ಅಂತಾರಾಷ್ಟ್ರೀಯ ಆಟಗಾರ ಮುರುಗೇಶಣ್ಣನಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಕೆಳಗೆ ಕೈಮುಗಿದ ವಿನಯ್ ಕುಮಾರನ ಚಿತ್ರ. ಮೇಲೆ ಮುರುಗೇಶಪ್ಪ. ಎಂದರೆ, ಮುಖ ಮಾತ್ರ ಮುರುಗೇಶಪ್ಪನದು. ಬ್ಯಾಂಕಿನ ಗುರುತಿನ ಚೀಟಿಯಿಂದ ಕತ್ತರಿಸಿದ ಆ ಬಿಗಿದ ಮುಖದ ಕೆಳಗೆ ಯಾರದೋ ಮೈ ಅಂಟಿತ್ತು. ಬಿಳಿ ಮತ್ತು ತಿಳಿನೀಲಿ ಪಟ್ಟೆಯ ಅಂಗಿ, ಕಂಕುಳಲ್ಲಿ ಮೊಟ್ಟೆಯಾಕಾರದ ಚೆಂಡು, ಹಾಲಿನಂಥ ಬಿಳಿ ತೊಡೆಗಳು. ಓಡುತ್ತಿರುವ ಆ ಮೈಯ ಬಲ ಮೊಣಕಾಲು ಎದೆಯ ಮಟ್ಟಕ್ಕೆ ಸೊಗಸಾಗಿ ಮಡಚಿತ್ತು.

"ಹೆಂಗೈತೆ ಅಕ್ಕಾ?" ಎಂದ ವಿನಯ್ ಕುಮಾರ್. "ಅಣ್ಣ ಈ ಪಟ್ಟೆ ಅಂಗಿ ಹಾಕ್ಕೊಂಡಿದ್ದ ಫೋಟೋ ನಿಮ್ಮನೇಲಿ ನೋಡಿದ್ನಲ್ಲ. ಅದಕ್ಕೇ ಹುಡುಗ್ರು ಹುಡುಕಿ ಹಾಕ್ಸಿದ್ರು."

"ಇದು ಅರ್ಜೆಂಟೀನಾದೋರ ಅಂಗಿ. ಯಾರ ಮೈಯೋ ಏನೋ. ನಮ್ಮನೆಯವರದಲ್ಲ."

"ಮುಖ ಅಣ್ಣಂದೇ ಐತಲ್ಲ ಅಕ್ಕಾ. ಜನ ಮುಖ ತಾನೆ ನೋಡಾದು?"

ಮುರುಗೇಶಪ್ಪ ಬದುಕಿದ್ದಾಗ ಅವನು ಆಡಿದ ರಗ್ಬಿ ಎಂದರೇನೆಂದು ಈ ಊರಿನಲ್ಲಿ ಒಬ್ಬನೂ ಕೇಳಿರಲಿಲ್ಲ. ಅವನೇ ಒಂದೆರಡು ಸಲ ಹೇಳಲು ಹೋಗಿದ್ದ. "ಕಬಡ್ಡಿ ಇದ್ದಂಗೆ ಕಣ್ರೋ, ಜೊತೀಗೆ ಚೆಂಡೂ ಇರ್ತೈತೆ," ಎಂದು. ಕೇಳಿದವರು ಅವನ ಮಾತು ಬಿಟ್ಟು ಅವನ ಕಾಲು ನೋಡಿದ್ದರು.

*

ಮುರುಗೇಶಪ್ಪ ಸೇನೆಗೆ ಸೇರಿದಾಗ ರಗ್ಬಿಯ ಹೆಸರೇ ಕೇಳಿರಲಿಲ್ಲ. ಅವನ ಹೆಗಲು ನೋಡಿದ ಸುಬೇದಾರರೊಬ್ಬರು ಅವನನ್ನು ತಂಡದ ಮುಂದಿನ ಸಾಲಿಗೆ ಹಾಕಿದರು. ಎರಡು ತಂಡದವರೂ ಎಂಟೆಂಟು ಜನ ಹೆಗಲಿಗೆ ಹೆಗಲು ಹೆಣೆದು, ಹೋರಿಗಳ ಹಾಗೆ ತಲೆ ಕೊಟ್ಟು ನೂಕಾಡುವ ಜಾಗ ಅದು. ಅಲ್ಲಿರುವವನಿಗೆ ಚೆಂಡು ಸಿಗುವುದು ಅಪರೂಪ. ಅವನ ಫೋಟೋ ತೆಗೆಯುವವರೂ ಇಲ್ಲ.

ಭಾರತದ ತಂಡಕ್ಕೆ ಆಯ್ಕೆಯಾದ ವರ್ಷ ತರಬೇತಿಗೆಂದು ರಾಮಿರೊ ಎಂಬುವನು ಬಂದಿದ್ದ. ಅರ್ಜೆಂಟೀನಾದ ಪರವಾಗಿ ಹನ್ನೊಂದು ವರ್ಷ ಅದೇ ಮುಂದಿನ ಸಾಲಿನಲ್ಲಿ ನೂಕಿದವನು. ಅವನ ಕತೆಯನ್ನು ಮುರುಗೇಶಪ್ಪ ಹೆಂಡತಿಗೆ ಎಷ್ಟು ಸಲ ಹೇಳಿದ್ದನೆಂದರೆ, ಅವಳಿಗೆ ರಾಮಿರೊ ತವರಿನ ಕಡೆಯ ನೆಂಟನ ಹಾಗೆ ಆಗಿಬಿಟ್ಟಿದ್ದ.

"ಅವನ ಕಾಲ್ದಾಗೆ ಆಟಕ್ಕೆ ಸಂಬಳಾನೇ ಇರ್ಲಿಲ್ವಂತೆ ಕಣೇ. ಒಬ್ಬ ಹಲ್ಲಿನ ಡಾಕ್ಟ್ರು, ಒಬ್ಬ ಲಾಯರ್ರು, ಇವನು ದನ ಸಾಕೋನು. ಹೊತ್ತಾರೆ ದನಕ್ಕೆ ಮೇವು ಹಾಕಿ, ಸಂಜೆ ಹೋಗಿ ದೇಶಕ್ಕೆ ಆಡಾದು. ಸಿಕ್ಕಿದ್ದೇನು? ಒಂದು ಪಟ್ಟೆ ಅಂಗಿ. ಅದನ್ನೂ ನಂಗೆ ಕೊಟ್ಟೋದ, ಪುಣ್ಯಾತ್ಮ."

ಮುರುಗೇಶಪ್ಪ ಭಾರತದ ಪರ ಆಡಿದ ಮೊದಲ ಪಂದ್ಯವೇ ಕೊನೆಯದೂ ಆಯಿತು. ಹೆಣೆದುಕೊಂಡ ಸಾಲು ಕುಸಿದುಬಿತ್ತು. ಅಷ್ಟೂ ಜನರ ಭಾರ ಅವನ ಬಲ ಮೊಣಕಾಲಿನ ಮೇಲೆ ಬಂತು. ಕೀಲು ಪುಡಿಯಾಗಿ, ಡಾಕ್ಟರು ಒಳಗೆ ಸರಳು ಹಾಕಿ ಕಾಲನ್ನು ನೆಟ್ಟಗೇ ಕೂರಿಸಿದರು. ಇನ್ನು ಜನ್ಮದಲ್ಲಿ ಬಗ್ಗುವುದಿಲ್ಲ ಎಂದರು. ಅವತ್ತು ರಾಮಿರೊ ಮಂಚದ ಪಕ್ಕ ಬಂದು ನಿಂತು, ತನ್ನ ಪ್ಯಾಂಟು ಮೇಲೆತ್ತಿ ತನ್ನ ಎಡ ಮೊಣಕಾಲು ತೋರಿಸಿದನಂತೆ. ಅದೂ ಬಗ್ಗುತ್ತಿರಲಿಲ್ಲ.

"ಏನಂದ ಗೊತ್ತಾ ಪ್ರಮೀಳಾ? ನಮ್ಮ ಚರ್ಚಿನಾಗೆ ಎಲ್ರೂ ಮಂಡಿ ಊರ್ತಾರೆ, ನಾನೊಬ್ನೇ ನಿಂತಿರ್ತೀನಿ. ದೇವ್ರು ಇಲ್ಲೀವರ್ಗೂ ಏನೂ ಅಂದಿಲ್ಲ, ಅಂದಿದ್ದು ಪಾದ್ರಿ ಒಬ್ನೇ, ಅಂದ."

ಇಷ್ಟು ಹೇಳಿ ಮುರುಗೇಶಪ್ಪ ಪ್ರತಿ ಸಲವೂ ನಗುತ್ತಿದ್ದ. ಪ್ರಮೀಳಾ ಪ್ರತಿ ಸಲವೂ ಮೊದಲ ಸಲ ಕೇಳಿದವಳ ಹಾಗೆ ನಗುತ್ತಿದ್ದಳು.

*

ನಮ್ಮ ಜನಕ್ಕೆ ನೆಲದ ಮೇಲೆ ಕಾಲು ಚಾಚಿ ಕೂತವನನ್ನು ಕಂಡರೆ ಮೈ ಉರಿಯುತ್ತದೆ. ಹಿರಿಯರ ಮುಂದೆ ಚಾಚಬಾರದು, ದೇವರ ಕಡೆ ಚಾಚಬಾರದು, ಊಟದ ಪಂಕ್ತಿಯಲ್ಲಿ ಚಾಚಬಾರದು. ಊರಿಗೆ ಮರಳಿದ ಮುರುಗೇಶಪ್ಪ ಎಲ್ಲಿ ಕೂತರೂ ಯಾರಿಗೋ ಅವಮಾನವಾಗುತ್ತಿತ್ತು. "ಹಾಸಿಗೆ ಇದ್ದಷ್ಟು ಕಾಲು ಚಾಚಪ್ಪಾ," ಎಂದು ಅರಳಿಕಟ್ಟೆಯ ಮೇಲಿದ್ದವರು ಹಂಗಿಸುವರು. ದಿನವೂ ಅದೇ ಮಾತು, ದಿನವೂ ಅದೇ ನಗು. ಅವನೂ ನಕ್ಕು ಮುಂದೆ ಹೋಗುವನು.

ಮಠದ ದಾಸೋಹದ ದಿನ ಮಾತ್ರ ಅವನು ನಗಲಿಲ್ಲ. ಪಂಕ್ತಿಯ ಕೊನೆಯಲ್ಲಿ, ಯಾರಿಗೂ ಅಡ್ಡವಾಗದ ಹಾಗೆ ಗೋಡೆ ಪಕ್ಕ ಕೂತಿದ್ದ. ಸಾರಿನ ಬಕೆಟ್ಟು ಹಿಡಿದು ಬಂದ ಬಸವರಾಜಪ್ಪ ಆ ಕಾಲಿಗೆ ಎಡವಿದ. ಎಡವಿದವನು ತಮ್ಮನ ಕಾಲನ್ನೇ ಒದ್ದು ಪಕ್ಕಕ್ಕೆ ಸರಿಸಿದ. ಚನ್ನವೀರಯ್ಯನವರು ಇಡೀ ಪಂಕ್ತಿಗೆ ಕೇಳುವ ಹಾಗೆ ಕೂಗಿದರು.

"ಗದ್ದಿಗೆ ಕಡೆ ಪಾದ ಮಾಡಿ ಕೂತಿದ್ದೀಯಲ್ಲೋ! ಮಿಲ್ಟ್ರಿಗೆ ಹೋಗಿ ಬಂದ ಸೊಕ್ಕಾ? ಮಡಚೋ ಕಾಲು!"

ಮುರುಗೇಶಪ್ಪ ಎಲೆಯಲ್ಲಿ ಅರ್ಧ ಊಟ ಬಿಟ್ಟು ಎದ್ದ. ಏಳುವುದೂ ಅವನಿಗೆ ಸಲೀಸಲ್ಲ. ಗೋಡೆ ಹಿಡಿದು, ಒಂದು ಪಕ್ಕಕ್ಕೆ ಉರುಳಿ ಏಳಬೇಕು. ಅಷ್ಟೂ ಹೊತ್ತು ಪಂಕ್ತಿ ಅವನನ್ನು ನೋಡುತ್ತಾ ಉಣ್ಣುತ್ತಿತ್ತು.

ಆಮೇಲೆ ಅವನು ಯಾವ ಪಂಕ್ತಿಯಲ್ಲೂ ಕೂರಲಿಲ್ಲ. ಜಗಳೂರಿನ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ಎತ್ತರದ ಸ್ಟೂಲಿನ ಮೇಲೆ ಅರ್ಧ ಕೂತು ಅರ್ಧ ನಿಂತು ದುಡಿದ. ಮದುವೆಮನೆಗಳಲ್ಲಿ ಅಕ್ಷತೆ ಹಾಕಿ ಬಸ್ಸು ಹತ್ತಿದ. ನೆಲದ ಮೇಲೆ ಅವನು ನೆಮ್ಮದಿಯಾಗಿ ಕೂರುತ್ತಿದ್ದುದು ಮನೆಯಲ್ಲಿ, ಬೆಳಗಿನ ಪೂಜೆಗೆ ಮಾತ್ರ. ಎಡಗಾಲು ಮಡಚಿ, ಬಲಗಾಲು ಚಾಚಿ, ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಕರೆದರೂ ಅವನಿಗೆ ಕೇಳಿಸುತ್ತಿರಲಿಲ್ಲ.

*

"ಹೊತ್ತಾಗ್ತೈತೆ," ಎಂದು ವಿನಯ್ ಕುಮಾರ್ ಗಡಿಯಾರ ನೋಡಿಕೊಂಡ. "ಟ್ರ್ಯಾಕ್ಟರ್ ಮೇಲೆ ಬಾಳೆಕಂದಿನ ವಿಮಾನ ಕಟ್ಟ್ಯಾರೆ, ಅದ್ರಾಗೆ ನೀಟಾಗಿ ಕೂಡ್ರಿಸ್ರಿ. ಬಸ್ ಸ್ಟ್ಯಾಂಡ್ ಮುಂದೆ ಮೆರವಣಿಗೆ ಹೋಗ್ಬೇಕು, ಪೇಪರ್ನೋರು ಬಂದಾರೆ. ಕಾಲು ಹಿಂಗೆ ಚಾಚ್ಕೊಂಡಿದ್ರೆ ಫೋಟೋ ಚಂದ ಬರಲ್ಲ."

ಮುರಿಯಬೇಕೆಂದು ಎಲ್ಲರೂ ಹೇಳುವವರೇ. ಮುರಿಯುವವರು ಮಾತ್ರ ಇಲ್ಲ. ಬೆಕ್ಕಿಗೆ ಗಂಟೆ ಕಟ್ಟುವ ಇಲಿಗಳ ಸಭೆಯ ಹಾಗೆ ಒಬ್ಬರ ಮುಖ ಒಬ್ಬರು ನೋಡಿದರು. ಗುಂಡಿ ತೋಡಿ ಬಂದು ಬಾಗಿಲಲ್ಲಿ ನಿಂತಿದ್ದ ಸಣ್ಣಪ್ಪನ ಕಡೆ ಬಸವರಾಜಪ್ಪ ಒನಕೆ ಚಾಚಿದ.

"ನೀನೇ ಒಂದೇಟು ಹಾಕೋ. ಕುಡಿಯಾಕೆ ಕೊಡ್ತೀನಿ."

ಸಣ್ಣಪ್ಪ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. "ನಾನು ಗುಂಡಿ ತೋಡೋನು ಬಸಣ್ಣಾರೆ. ಕಾಲು ಮುರಿಯೋನಲ್ಲ."

ಪ್ರಮೀಳಾ ಮುಂದೆ ಬಂದು ಭಾವನ ಕೈಯಿಂದ ಒನಕೆ ಕಿತ್ತುಕೊಂಡಳು. ಹೊಡೆಯುತ್ತಾಳೇನೋ ಎಂದು ವಿನಯ್ ಕುಮಾರ್ ಎರಡು ಹೆಜ್ಜೆ ಹಿಂದೆ ಸರಿದ. ಅವಳು ನೆಲಕ್ಕೆ ಕೂತಳು. ಹೆಬ್ಬೆರಳಿಗೆ ಒರಗಿಸಿದ್ದ ಟೀ ಲೋಟ ಎತ್ತಿ ಅತ್ತ ಎಸೆದಳು. ಒನಕೆಯನ್ನು ಗಂಡನ ಬಲಗಾಲಿನ ಪಕ್ಕ ಮಲಗಿಸಿ, ಒಂದು ತುದಿ ಸೊಂಟಕ್ಕೆ ಸೇರಿಸಿ, ಹಿಮ್ಮಡಿ ಬಂದ ಕಡೆ ತಟ್ಟೆಯ ವಿಭೂತಿಯಿಂದ ಗೆರೆ ಎಳೆದಳು.

"ಸಣ್ಣಪ್ಪಾ, ತಗಾ. ಕೂಡ್ರಿಸೋ ಕಡೆಯಿಂದ ಮುಂದಕ್ಕೆ, ಈ ಗೆರೆ ಮಟ ಗುಂಡಿ ಗೋಡೆ ಕೊರಿ. ಕಾಲು ಹಿಡಿಸಂಗೆ."

"ಅದೆಲ್ಲ ಆಗಲ್ಲಮ್ಮ," ಎಂದು ಚನ್ನವೀರಯ್ಯನವರು ಎದ್ದು ನಿಂತರು.

"ಯಾಕಾಗಲ್ಲ? ಕೂಡ್ರಿಸ್ಬೇಕು ಅಂದ್ರಿ, ಕೂಡ್ರಿಸ್ರಿ. ಅವ್ರು ಕೂತಿದ್ದಂಗೆ ಕೂಡ್ರಿಸ್ರಿ. ದಿನಾ ಬೆಳಿಗ್ಗೆ ಈ ಕಾಲು ಹಿಂಗೇ ಇಟ್ಕೊಂಡು ಲಿಂಗಪೂಜೆ ಮಾಡಿದ್ರು. ಲಿಂಗ ಒಂದಿನಾನೂ ಏನೂ ಅಂದಿಲ್ಲ. ಅಂದಿದ್ದು ನೀವು."

ಅವಳು ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿದಳು. ಆ ನೋಟದಲ್ಲಿ ದುಃಖ ಇರಲಿಲ್ಲ, ಬರೀ ವಾಕರಿಕೆ ಇತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬದುಕಿರೋ ತಂಕ ಆಡ್ಕೊಂಡ್ರಿ. ಇವತ್ತೊಂದಿನ ಕಾಲು ಇದ್ದಷ್ಟು ಹಾಸಿಗೆ ಮಾಡ್ರಿ. ಇಲ್ಲಾಂದ್ರೆ ಎದ್ದು ನಡೀರಿ ಎಲ್ರೂ. ನಾನೂ ಸಣ್ಣಪ್ಪಾನೂ ಮಣ್ಣು ಮಾಡ್ತೀವಿ."

ಅಯ್ಯನವರಿಲ್ಲದೆ ಮಣ್ಣಾಯಿತೆಂಬ ಸುದ್ದಿ ಸುತ್ತಲ ಊರಿಗೆ ಹಬ್ಬಿದರೆ ಮರ್ಯಾದೆ ಹೋಗುವುದು ಯಾರದೆಂದು ಚನ್ನವೀರಯ್ಯನವರಿಗೆ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಂಟಲು ಸರಿಮಾಡಿಕೊಂಡು, "ಅಂಗವೈಕಲ್ಯ ಇದ್ದೋರಿಗೆ ವಿನಾಯಿತಿ ಐತೆ ಬಿಡ್ರಿ," ಎಂದರು. ಆ ವಿನಾಯಿತಿ ಅಷ್ಟು ವರ್ಷ ಎಲ್ಲಿತ್ತೆಂದು ಯಾರೂ ಕೇಳಲಿಲ್ಲ. ಸಣ್ಣಪ್ಪ ಒನಕೆಯನ್ನು ಹೆಗಲ ಮೇಲೆ ಹೊತ್ತು ಹೊರಟ.

*

ಮೆರವಣಿಗೆ ಹೊರಟಾಗ ಬಾಳೆಕಂದಿನ ವಿಮಾನದಿಂದ ಮುರುಗೇಶಪ್ಪನ ಬಲಗಾಲು ಮುಂದಕ್ಕೆ ಚಾಚಿಕೊಂಡಿತ್ತು. ಬಸ್ ಸ್ಟ್ಯಾಂಡಿನಲ್ಲಿ ಫೋಟೋಗೆಂದು ಟ್ರ್ಯಾಕ್ಟರ್ ನಿಲ್ಲಿಸಿದರು. ವಿನಯ್ ಕುಮಾರ್ ಫ್ಲೆಕ್ಸ್ ಹಿಡಿಸಿಕೊಂಡು ಮುಂದೆ ಬಂದು ಕೈಮುಗಿದ. ಅಂಗಾಲು ಸರಿಯಾಗಿ ಅವನ ಮುಖದ ಮುಂದೆ ಬಂತು. ಎಡಕ್ಕೆ ಸರಿದ, ಬಲಕ್ಕೆ ಸರಿದ. ಎಲ್ಲಿ ನಿಂತರೂ ಪಾದವಿಲ್ಲದ ಫೋಟೋ ಬರಲಿಲ್ಲ. ಕೊನೆಗೆ ಯಾರದೋ ಫೋನು ಬಂದಂತೆ ಕಿವಿಗಿಟ್ಟುಕೊಂಡು ಕಾರು ಹತ್ತಿದ. ಅವನ ಹುಡುಗರು ಫ್ಲೆಕ್ಸನ್ನು ಟೀ ಅಂಗಡಿಯ ಗೋಡೆಗೆ ಒರಗಿಸಿ ಹಿಂದೆಯೇ ಹೋದರು.

ಹೊಲದ ಬದುವಿನಲ್ಲಿ ಗುಂಡಿ ಸಿದ್ಧವಾಗಿತ್ತು. ಎದುರು ಗೋಡೆಯಲ್ಲಿ ಸಣ್ಣಪ್ಪ ಕೊರೆದ ಗೂಡಿನೊಳಗೆ ಬಲಗಾಲು ಒಂದಿಷ್ಟೂ ತಡೆಯದೆ ಕೂತುಕೊಂಡಿತು. ಮೊಣಕಾಲಿನಿಂದ ಈಚೆಗಿನ ಭಾಗ ಗುಂಡಿಗೆ ಅಡ್ಡವಾಗಿ ಕಾಣುತ್ತಿತ್ತು. ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಪತ್ರೆ, ವಿಭೂತಿ ಹಾಕಿದರು. ಚನ್ನವೀರಯ್ಯನವರು ಏಣಿಯಿಂದ ಇಳಿದು, ಪದ್ಧತಿಯಂತೆ ಸತ್ತವನ ತಲೆಯ ಮೇಲೆ ತಮ್ಮ ಪಾದವಿಟ್ಟು ಮಂತ್ರ ಹೇಳಿದರು. ಮೇಲೆ ನಿಂತವರೆಲ್ಲ ಕೈಮುಗಿದರು.

ಮಂತ್ರ ಮುಗಿಸಿ ಏಣಿಯ ಕಡೆ ತಿರುಗಿದರು. ಇಕ್ಕಟ್ಟಿನ ಜಾಗ. ಅಡ್ಡ ಚಾಚಿದ್ದ ಕಾಲಿಗೆ ಅವರ ಪಾದ ಎಡವಿತು. ತಕ್ಷಣ, ಯಾರ ಮೈಗೆ ಕಾಲು ತಗುಲಿದರೂ ನಾವೆಲ್ಲ ಮಾಡುವ ಹಾಗೆ, ಅವರು ಬಗ್ಗಿ ಆ ಮೊಣಕಾಲನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಒತ್ತಿಕೊಂಡ ಮೇಲೆ ಏನು ಮಾಡಿದೆನೆಂದು ಹೊಳೆದಿರಬೇಕು. ಬೆರಳುಗಳನ್ನು ಕಣ್ಣಿನ ಮೇಲಿಂದ ತೆಗೆಯದೆಯೇ ತಲೆ ಎತ್ತಿದರು. ಗುಂಡಿಯ ಅಂಚಿನಲ್ಲಿ ಪ್ರಮೀಳಾ ನಿಂತಿದ್ದಳು, ಹಿಡಿ ಮಣ್ಣು ಹಿಡಿದುಕೊಂಡು.